ಸಿಂಪಿ ಮರಿಯ ಮೊದಲ ಎರಡು ದಿನ

ಕಡಲು ಆಮ್ಲವಾಗುತ್ತಿದೆ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಶಾಲೆಯ ಪ್ರಯೋಗ. ವಿನೆಗರ್‌ನಲ್ಲಿ ಮೊಟ್ಟೆ ಮುಳುಗಿಸಿಟ್ಟರೆ ಸಿಪ್ಪೆ ಬುಸುಬುಸು ನೊರೆ ಬಿಟ್ಟು ಕರಗುತ್ತದಲ್ಲ, ಹಾಗೆಯೇ ಸಿಂಪಿ, ಪಚಿಲೆ (ಮಸಲ್), ಮರುವಾಯಿ (ಕ್ಲ್ಯಾಮ್) ಎಲ್ಲದರ ಚಿಪ್ಪೂ ಒಂದು ದಿನ ನೀರಲ್ಲೇ ಕರಗಿ ಹೋಗುತ್ತದೆ ಅನ್ನೋ ಚಿತ್ರ. ಹೆದರಿಸೋಕೆ ಚೆನ್ನಾಗಿದೆ. ಆದರೆ ಚಿಪ್ಪುಜೀವಿ ಸಾಕುವವರಿಗೆ ಇಲ್ಲಿಯವರೆಗೆ ಬಿದ್ದ ದೊಡ್ಡ ಪೆಟ್ಟು ಈ ದಾರಿಯಿಂದ ಬರಲಿಲ್ಲ. ಬೆಳೆದು ನಿಂತ ಸಿಂಪಿ ಕರಗಲಿಲ್ಲ. ಕೂದಲೆಳೆಯ ದಪ್ಪದಷ್ಟಿದ್ದ ಮರಿಗಳು ಹಸಿವಿನಿಂದ ಸತ್ತವು. ಆಮ್ಲಕ್ಕೂ ಹಸಿವಿಗೂ ಏನು ಸಂಬಂಧ ಅನ್ನೋದು ಗೊತ್ತಾದರೆ ಈ ಇಡೀ ಸಮಸ್ಯೆ ಬೇರೆ ಥರ ಕಾಣುತ್ತದೆ.

ಕಥೆ ಶುರುವಾಗುವುದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ. ಆರೆಗನ್ ರಾಜ್ಯದ ನೆಟಾರ್ಟ್ಸ್ ಕೊಲ್ಲಿಯ ದಡದಲ್ಲಿ ವಿಸ್ಕಿ ಕ್ರೀಕ್ ಅನ್ನೋ ಒಂದು ಹ್ಯಾಚರಿ ಇದೆ. ಹ್ಯಾಚರಿ ಅಂದರೆ ಸಿಂಪಿಯ ಮರಿ ಮಾಡುವ ಜಾಗ. ತಾಯಿ ತಂದೆ ಸಿಂಪಿಗಳನ್ನು ಬೆಚ್ಚಗಿನ ನೀರಲ್ಲಿಟ್ಟು ಮೊಟ್ಟೆ ಬಿಡಿಸುತ್ತಾರೆ. ಮರಿಗಳು ದೊಡ್ಡ ತೊಟ್ಟಿಗಳಲ್ಲಿ ಎರಡು ಮೂರು ವಾರ ಈಜಾಡಿಕೊಂಡು, ಪಾಚಿ ತಿಂದುಕೊಂಡು ಬೆಳೆಯುತ್ತವೆ. ಆಮೇಲೆ ಎಲ್ಲಾದರೂ ಅಂಟಿಕೊಂಡು ಕೂರೋಣ ಅಂತ ಅವಕ್ಕೆ ಅನಿಸುವ ಹೊತ್ತಿಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಸಾಕುವವರಿಗೆ ಕಳಿಸುತ್ತಾರೆ. ಲಕ್ಷಗಟ್ಟಲೆ ಮರಿ ಒಂದು ಮುಷ್ಟಿಯೊಳಗೆ ಹಿಡಿಯುತ್ತವೆ. ಸಾಕುವವರು ಅವನ್ನು ಹಳೆಯ ಚಿಪ್ಪುಗಳ ಮೇಲೆ ಕೂರಿಸಿ, ಕೊಲ್ಲಿಯ ನೀರಿಗೆ ಬಿಟ್ಟು, ಎರಡು ಮೂರು ವರ್ಷ ಕಾಯುತ್ತಾರೆ.

ಇಷ್ಟೆಲ್ಲ ಯಾಕೆ, ಕಡಲೇ ಮರಿ ಕೊಡಲ್ವಾ? ಅಲ್ಲಿ ಅಷ್ಟಾಗಿ ಕೊಡಲ್ಲ. ಆ ಕರಾವಳಿಯಲ್ಲಿ ಸಾಕುವುದು ಹೆಚ್ಚಾಗಿ ಪೆಸಿಫಿಕ್ ಸಿಂಪಿ. ಅದು ಜಪಾನಿನಿಂದ 20ನೇ ಶತಮಾನದ ಶುರುವಿನಲ್ಲಿ ತಂದ ತಳಿ. ಅಮೆರಿಕದ ವಾಯವ್ಯದ ನೀರು ಅದಕ್ಕೆ ತುಂಬಾ ತಣ್ಣಗೆ. ಸಿಂಪಿ ಬೆಳೆಯುತ್ತದೆ, ಆದರೆ ನೆಚ್ಚಿಕೊಳ್ಳುವ ಹಾಗೆ ಮರಿ ಹಾಕುವುದಿಲ್ಲ. ವಾಷಿಂಗ್ಟನ್ ರಾಜ್ಯದ ವಿಲ್ಲಾಪಾ ಕೊಲ್ಲಿಯಂಥ ಕೆಲವೇ ಜಾಗಗಳಲ್ಲಿ ತಾನಾಗಿ ಮರಿ ಆಗುತ್ತಿತ್ತು. 2000ದ ದಶಕದ ನಡುವೆ ಅಲ್ಲೂ ವರ್ಷದ ಮೇಲೆ ವರ್ಷ ಕೈಕೊಡೋಕೆ ಶುರುವಾಯಿತು. ಹಾಗಾಗಿ ಇಡೀ ಕರಾವಳಿಯ ನೂರಾರು ಸಾಕಣೆದಾರರು ಬೆರಳೆಣಿಕೆಯ ಹ್ಯಾಚರಿಗಳ ಮೇಲೆ ನಿಂತಿದ್ದರು. ವಿಸ್ಕಿ ಕ್ರೀಕ್ ಅದರಲ್ಲಿ ದೊಡ್ಡವುಗಳ ಪೈಕಿ ಒಂದು. ಒಂದು ಹ್ಯಾಚರಿ ಮಲಗಿದರೆ ಎಲ್ಲರ ಹೊಲವೂ ಖಾಲಿ, ಅಂಥ ಏರ್ಪಾಡು.

2007ರಲ್ಲಿ ಅದು ಮಲಗಿತು. ತೊಟ್ಟಿ ತುಂಬಾ ಮರಿಗಳು ತಿನ್ನುವುದನ್ನು ನಿಲ್ಲಿಸುವುದು, ತಳಕ್ಕೆ ಕೂರುವುದು, ಸಾಯುವುದು. ಮೊದಲು ಅನುಮಾನ ಬಂದಿದ್ದು ಬ್ಯಾಕ್ಟೀರಿಯಾದ ಮೇಲೆ. ವಿಬ್ರಿಯೊ ಟ್ಯೂಬಿಯಾಶಿ ಅನ್ನೋ ಸೂಕ್ಷ್ಮಾಣು ಸಿಂಪಿ ಮರಿಗಳನ್ನು ಕೊಲ್ಲುತ್ತದೆ ಅನ್ನೋದು ಹ್ಯಾಚರಿಯವರಿಗೆ ಗೊತ್ತಿದ್ದ ವಿಷಯ, ಮತ್ತು ನೀರಲ್ಲಿ ಅದು ಇತ್ತು ಕೂಡ. ದುಡ್ಡು ಖರ್ಚು ಮಾಡಿ ನೀರು ಶುದ್ಧ ಮಾಡುವ ವ್ಯವಸ್ಥೆ ಹಾಕಿಸಿದರು. ಬ್ಯಾಕ್ಟೀರಿಯಾ ಹೋಯಿತು, ಮರಿ ಸಾಯುವುದು ನಿಲ್ಲಲಿಲ್ಲ. ರೋಗ ಒಂದು, ಮದ್ದು ಇನ್ನೊಂದು. 2008ರಲ್ಲೂ ಅದೇ ಪಾಡು. ಆಗ ಗಮನಕ್ಕೆ ಬಂದಿದ್ದು ಗಾಳಿ. ಬೇಸಿಗೆಯಲ್ಲಿ ಉತ್ತರದಿಂದ ಜೋರು ಗಾಳಿ ಬೀಸಿ, ಕೊಲ್ಲಿಯ ನೀರು ಇದ್ದಕ್ಕಿದ್ದಂತೆ ತಣ್ಣಗಾದ ದಿನಗಳಲ್ಲೇ ಮರಿಗಳ ಗತಿ ಕೆಡುತ್ತಿತ್ತು.

ಹ್ಯಾಚರಿಯ ಸೂ ಕಡ್ ಮತ್ತು ಆಲನ್ ಬಾರ್ಟನ್, ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಬರ್ಕ್ ಹೇಲ್ಸ್ ಜೊತೆ ಸೇರಿ ನೀರನ್ನು ಅಳೆಯೋಕೆ ಕೂತರು. 2012ರಲ್ಲಿ ಪ್ರಕಟವಾದ ಅವರ ಪ್ರಬಂಧ ಇವತ್ತಿಗೂ ಈ ವಿಷಯದ ಅಡಿಪಾಯ. ಅದರಲ್ಲಿ ಒಂದು ಸಂಗತಿ ತುಂಬಾ ಮುಖ್ಯ, ಅದನ್ನು ಸುದ್ದಿಗಳು ಬಿಟ್ಟುಬಿಡುತ್ತವೆ. ಮರಿ ಸಾಯುವ ದಿನದ ನೀರಿಗಿಂತ ಮರಿ ಹುಟ್ಟಿದ ದಿನದ ನೀರು ಹೇಗಿತ್ತು ಅನ್ನೋದು ಅದರ ಮುಂದಿನ ಗತಿಯನ್ನು ಹೇಳುತ್ತಿತ್ತು. ಪೆಟ್ಟು ಬಿದ್ದಿದ್ದು ಮೊದಲ ದಿನ, ಗೊತ್ತಾಗುತ್ತಿದ್ದುದು ವಾರ ಹತ್ತು ದಿನದ ಮೇಲೆ. ಅಷ್ಟರಲ್ಲಿ ತೊಟ್ಟಿಯ ನೀರು ಎಷ್ಟೋ ಸಲ ಬದಲಾಗಿ, ನೋಡಿದರೆ ಎಲ್ಲ ಸರಿ ಇದೆಯಲ್ಲ ಅನಿಸುತ್ತಿತ್ತು. ಕಾರಣ ಹುಡುಕೋಕೆ ಅಷ್ಟು ಒದ್ದಾಡಿದ್ದು ಇದಕ್ಕೇ.

ಈಗ ಸ್ವಲ್ಪ ರಸಾಯನ ಶಾಸ್ತ್ರ. ಬೇಜಾರು ಮಾಡಿಕೊಳ್ಳಬೇಡಿ, ಇದಿಲ್ಲದೆ ಮುಂದಿನದು ಹಿಡಿಯಲ್ಲ. ನಾವು ಗಾಳಿಗೆ ಬಿಡುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ಅದು ನೀರಿನ ಜೊತೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ, ಆ ಆಮ್ಲ ಹೈಡ್ರೋಜನ್ ಅಯಾನುಗಳನ್ನು ಬಿಟ್ಟುಕೊಡುತ್ತದೆ. ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅಂತ ಹೇಳುವ ಅಂಕಿಗೆ ಪಿಎಚ್ ಅಂತಾರೆ, ಅದು ಇಳಿದಷ್ಟೂ ಆಮ್ಲ ಜಾಸ್ತಿ. ಕೈಗಾರಿಕಾ ಯುಗಕ್ಕೆ ಮುಂಚೆ ಕಡಲ ಮೇಲ್ಮೈಯ ಸರಾಸರಿ ಪಿಎಚ್ 8.2ರ ಹತ್ತಿರ ಇತ್ತು, ಈಗ 8.1ಕ್ಕಿಂತ ತುಸು ಕೆಳಗೆ. ಬರೀ 0.1 ಅಂತ ತಳ್ಳಿಹಾಕಬೇಡಿ. ಪಿಎಚ್ ಲೆಕ್ಕ ಹತ್ತರ ಮಡಿಯಲ್ಲಿ ಏರುವ ಲೆಕ್ಕ, ಹಾಗಾಗಿ 0.1 ಇಳಿದರೆ ಹೈಡ್ರೋಜನ್ ಅಯಾನು 25ರಿಂದ 30 ಶೇಕಡಾ ಹೆಚ್ಚಾದಂತೆ. ಹಾಗಂತ ಕಡಲು ಆಮ್ಲ ಆಗಿಬಿಟ್ಟಿಲ್ಲ. ಪಿಎಚ್ 7ಕ್ಕಿಂತ ಮೇಲಿದ್ದರೆ ಕ್ಷಾರವೇ. ಕ್ಷಾರದ ಗುಣ ಕಮ್ಮಿಯಾಗುತ್ತಿದೆ, ಅಷ್ಟೇ. 2003ರಲ್ಲಿ ಕೆನ್ ಕಾಲ್ಡೀರಾ ಮತ್ತು ಮೈಕಲ್ ವಿಕೆಟ್ ಅನ್ನೋ ವಿಜ್ಞಾನಿಗಳು ಬರೆದ ಒಂದು ಪುಟ್ಟ ಲೇಖನದ ನಂತರ ಕಡಲ ಆಮ್ಲೀಕರಣ ಅನ್ನೋ ಹೆಸರು ಎಲ್ಲ ಕಡೆ ಹರಡಿತು. ಹೆಸರು ತಪ್ಪೇನಲ್ಲ, ಆದರೆ ಗಮನವನ್ನೆಲ್ಲ ಆಮ್ಲದ ಕಡೆ ಎಳೆದು, ಚಿಪ್ಪಿಗೆ ನಿಜವಾಗಿ ಬೇಕಾದ ವಸ್ತುವನ್ನು ಮರೆಸಿತು ಅಂತ ನನಗನಿಸುತ್ತದೆ.

ಆ ವಸ್ತು ಕಾರ್ಬೊನೇಟ್. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲಿನಲ್ಲಿ ಇರುವ ಅದೇ ಸರಕು. ಕಡಲಲ್ಲಿ ಕ್ಯಾಲ್ಸಿಯಂಗೆ ಬರ ಇಲ್ಲ. ಕಾರ್ಬೊನೇಟ್ ಮಾತ್ರ ಅಳೆದು ತೂಗಿ ಇರುತ್ತದೆ, ಮತ್ತು ಹೊಸದಾಗಿ ಬಂದ ಹೈಡ್ರೋಜನ್ ಅಯಾನು ನೇರ ಹೋಗಿ ಈ ಕಾರ್ಬೊನೇಟನ್ನೇ ಹಿಡಿದು ಬೈಕಾರ್ಬೊನೇಟ್ ಮಾಡಿಬಿಡುತ್ತದೆ. ಅಂದರೆ ಮನೆ ಕಟ್ಟುವವನ ಇಟ್ಟಿಗೆಯನ್ನು ಬೇರೆಯವನು ಮೊದಲೇ ಎತ್ತಿಕೊಂಡು ಹೋದ ಹಾಗೆ. ಇಟ್ಟಿಗೆ ಎಷ್ಟು ಸಿಗುತ್ತದೆ ಅನ್ನೋದನ್ನು ಅಳೆಯೋಕೆ ಒಂದು ಅಂಕಿ ಇದೆ, ಅದನ್ನು ಒಮೆಗಾ ಅಂತಾರೆ. ಒಮೆಗಾ 1ಕ್ಕಿಂತ ಕೆಳಗೆ ಹೋದರೆ ಬರಿಯ ಚಿಪ್ಪು ತಾನಾಗಿ ಕರಗಬಹುದು. 1ಕ್ಕಿಂತ ಮೇಲಿದ್ದಷ್ಟೂ ಕಟ್ಟೋದು ಸುಲಭ. ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲೂ ಎರಡು ಬಗೆ ಇವೆ. ಬೆಳೆದ ಸಿಂಪಿಯ ಚಿಪ್ಪು ಹೆಚ್ಚಾಗಿ ಕ್ಯಾಲ್ಸೈಟ್, ಅದು ಅಷ್ಟು ಬೇಗ ಕರಗಲ್ಲ. ಮರಿಯ ಚಿಪ್ಪು ಅರಾಗೊನೈಟ್, ಅದು ಬೇಗ ಕರಗುವಂಥದ್ದು. ಪಾಪ, ಚಿಕ್ಕದಕ್ಕೇ ದುರ್ಬಲ ಇಟ್ಟಿಗೆ.

ಇಲ್ಲಿ ಹಸಿವಿನ ವಿಷಯ ಬರುತ್ತದೆ. ಮೊಟ್ಟೆ ಫಲಿತವಾದ ಒಂದೆರಡು ದಿನದಲ್ಲಿ ಪೆಸಿಫಿಕ್ ಸಿಂಪಿಯ ಮರಿ ತನ್ನ ಮೊದಲ ಚಿಪ್ಪನ್ನು ಕಟ್ಟಿ ಮುಗಿಸಬೇಕು. ಆ ಹೊತ್ತಿಗೆ ಅದರ ಮೈತೂಕದ 90 ಶೇಕಡಾದವರೆಗೆ ಚಿಪ್ಪೇ ಇರುತ್ತದೆ. ಹುಚ್ಚು ವೇಗ ಅದು. ಆದರೆ ತಿನ್ನುವ ಅಂಗ ಇನ್ನೂ ತಯಾರಾಗಿರುವುದಿಲ್ಲ. ಎಲ್ಲ ಕೆಲಸವೂ ತಾಯಿ ಮೊಟ್ಟೆಯಲ್ಲಿ ಕಟ್ಟಿಕೊಟ್ಟ ಬುತ್ತಿಯಲ್ಲೇ ಆಗಬೇಕು. ನೀರಲ್ಲಿ ಕಾರ್ಬೊನೇಟ್ ಧಾರಾಳವಾಗಿದ್ದರೆ ಕೆಲಸ ಸಲೀಸು, ಬುತ್ತಿಯಲ್ಲಿ ಸ್ವಲ್ಪ ಉಳಿಯುತ್ತದೆ. ಕಮ್ಮಿ ಇದ್ದರೆ ಅದೇ ಚಿಪ್ಪು ಕಟ್ಟೋಕೆ ಜಾಸ್ತಿ ಶಕ್ತಿ ಬೇಕು, ಬುತ್ತಿ ಬೇಗ ಖಾಲಿ, ಬಾಯಿ ತೆರೆಯುವ ಮೊದಲೇ ಮರಿ ಸೊರಗಿರುತ್ತದೆ. ಹೇಗೋ ಚಿಪ್ಪು ಕಟ್ಟಿ ಮುಗಿಸಿದರೂ ಆಮೇಲೆ ಬೆಳೆಯೋಕೆ ಕಸುವಿರಲ್ಲ. ಜಾರ್ಜ್ ವಾಲ್ಡ್‌ಬುಸ್ಸರ್ ಮತ್ತು ಜೊತೆಗಾರರು 2013ರಲ್ಲಿ ಈ ಶಕ್ತಿಯ ಲೆಕ್ಕವನ್ನು ಬಿಡಿಸಿ ತೋರಿಸಿದರು. 2015ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪಿಎಚ್, ಕಾರ್ಬನ್ ಡೈಆಕ್ಸೈಡ್, ಒಮೆಗಾ ಮೂರನ್ನೂ ಬೇರೆ ಬೇರೆಯಾಗಿ ಬದಲಾಯಿಸಿ ನೋಡಿ, ಮರಿಯ ಮೊದಲ ಚಿಪ್ಪಿಗೆ ಲೆಕ್ಕಕ್ಕೆ ಬರುವುದು ಒಮೆಗಾ ಅಂತ ಹೇಳಿದರು. ಅದೂ ಎಂಥ ಒಮೆಗಾ? 1ಕ್ಕೆ ಇಳಿಯೋವರೆಗೆ ಕಾಯಬೇಕಿಲ್ಲ. ಹ್ಯಾಚರಿಯ ಲೆಕ್ಕದಲ್ಲಿ 1.5, 1.7ರ ಆಸುಪಾಸಿನಲ್ಲೇ ವ್ಯಾಪಾರ ಕೆಡುತ್ತದೆ. ಏನೂ ಕರಗುವುದಿಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ, ಮರಿ ಮಾತ್ರ ಉಳಿಯಲ್ಲ.

ಇದು ಬರೀ ಥಿಯರಿ ಅಲ್ಲ ಅನ್ನೋಕೆ ಒಂದು ಒಳ್ಳೆಯ ಹೋಲಿಕೆ ಅದೇ ಕರಾವಳಿಯಲ್ಲಿದೆ. ಒಲಿಂಪಿಯಾ ಸಿಂಪಿ ಅನ್ನೋ ಅಲ್ಲಿನ ಮೂಲ ತಳಿ ಮೊಟ್ಟೆಗಳನ್ನು ನೀರಿಗೆ ಚೆಲ್ಲುವುದಿಲ್ಲ, ಮರಿಗಳನ್ನು ತನ್ನ ಚಿಪ್ಪಿನೊಳಗೇ ಇಟ್ಟುಕೊಂಡು ಕೆಲ ದಿನ ಕಾಪಾಡುತ್ತದೆ. ಅದರ ಮರಿ ಚಿಪ್ಪನ್ನು ನಿಧಾನವಾಗಿ ಕಟ್ಟುತ್ತದೆ. ಅವಸರ ಇಲ್ಲದ್ದರಿಂದ ಕೆಟ್ಟ ನೀರನ್ನೂ ಜಾಸ್ತಿ ತಾಳಿಕೊಳ್ಳುತ್ತದೆ. ಹಾಗಂತ ಅದಕ್ಕೆ ತೊಂದರೆಯೇ ಇಲ್ಲ ಅಂತಲ್ಲ. ಕಾರ್ಬನ್ ಹೆಚ್ಚಿದ ನೀರಿನಲ್ಲಿ ಬೆಳೆದ ಎಳೆ ಒಲಿಂಪಿಯಾ ಸಿಂಪಿಗಳು ಚಿಕ್ಕದಾಗೇ ಉಳಿದು, ಚಿಪ್ಪು ಕೊರೆದು ತಿನ್ನುವ ಬಸವನಹುಳುಗಳ ಬಾಯಿಗೆ ಹೆಚ್ಚು ಸಿಕ್ಕಿದ್ದನ್ನು ಪ್ರಯೋಗಗಳು ತೋರಿಸಿವೆ.

ಸರಿ, ಕಡಲ ಸರಾಸರಿ ಇಳಿದಿದ್ದು ಬರೀ 0.1. ಅಳಿವೆಗಳಲ್ಲಿ ಒಂದೇ ದಿನದಲ್ಲಿ ಪಿಎಚ್ ಅದಕ್ಕಿಂತ ಎಷ್ಟೋ ಪಾಲು ಮೇಲೆ ಕೆಳಗೆ ಆಡುತ್ತದೆ. ಹಗಲಲ್ಲಿ ಗಿಡ, ಪಾಚಿಗಳು ಕಾರ್ಬನ್ ಡೈಆಕ್ಸೈಡ್ ಹೀರಿ ಪಿಎಚ್ ಏರಿಸುತ್ತವೆ, ರಾತ್ರಿ ಎಲ್ಲವೂ ಉಸಿರಾಡಿ ಇಳಿಸುತ್ತವೆ. ಇಷ್ಟನ್ನು ತಾಳಿಕೊಂಡ ಜೀವಿಗೆ ಒಂದು ಚೂರು ಹೆಚ್ಚಾದರೆ ಏನು ಮಹಾ? ಈ ಪ್ರಶ್ನೆ ಕೇಳುವವರು ದಡ್ಡರಲ್ಲ, ಉತ್ತರ ಕೊಡಲೇಬೇಕು. ಏರಿಳಿತದಲ್ಲಿ ಮರಿಗೆ ಬೇಕಾಗಿರುವುದು ಒಳ್ಳೆಯ ನೀರಿನ ಒಂದು ಕಿಂಡಿ, ಎರಡು ದಿನ ಅಗಲದ್ದು. ತಳದಲ್ಲಿರುವ ಸರಾಸರಿ ಸ್ವಲ್ಪ ಕುಸಿದರೂ ಸಾಕು, ಏರಿಳಿತದ ತುದಿಗಳು ಮರಿಗೆ ಬೇಕಾದ ಮಟ್ಟದ ಗೆರೆ ದಾಟುವುದು ಕಮ್ಮಿಯಾಗುತ್ತದೆ, ದಾಟಿದರೂ ಅಷ್ಟು ಹೊತ್ತು ನಿಲ್ಲುವುದಿಲ್ಲ. ಕಿಂಡಿಗಳು ಕಿರಿದಾಗುತ್ತಾ ಹೋಗುತ್ತವೆ. ಮರಿ ಹುಟ್ಟುವ ದಿನ ಕಿಂಡಿ ತೆರೆದಿದ್ದರೆ ಅದೃಷ್ಟ. ಹ್ಯಾಚರಿಯವರು ದಿನ ಆರಿಸಿಕೊಳ್ಳಬಹುದು, ಕಾಡು ಸಿಂಪಿಗೆ ಆ ಸೌಕರ್ಯ ಇಲ್ಲ.

ಇನ್ನು ಆ ತಣ್ಣನೆ ನೀರು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೇಸಿಗೆ ಗಾಳಿ ಮೇಲ್ಮೈಯ ನೀರನ್ನು ದಡದಿಂದ ಆಚೆ ತಳ್ಳುತ್ತದೆ, ಆ ಜಾಗ ತುಂಬೋಕೆ ಆಳದ ನೀರು ಮೇಲೆ ಬರುತ್ತದೆ. ಆಳದ ನೀರಲ್ಲಿ ಸತ್ತ ಜೀವಿಗಳು ಕೊಳೆತು ಕಾರ್ಬನ್ ಡೈಆಕ್ಸೈಡ್ ಮೊದಲೇ ತುಂಬಿರುತ್ತದೆ, ಇದು ಪ್ರಕೃತಿಯದ್ದೇ ಕೆಲಸ, ಸಾವಿರಾರು ವರ್ಷದಿಂದ ನಡೆದುಬಂದದ್ದು. ಅದರ ಮೇಲೆ ನಮ್ಮ ಪಾಲು ಸೇರಿಕೊಂಡಿದ್ದು ಗಾಯದ ಮೇಲೆ ಬರೆ. ರಿಚರ್ಡ್ ಫೀಲಿ ಮತ್ತು ತಂಡದವರು 2007ರಲ್ಲಿ ಕೆನಡಾದಿಂದ ಮೆಕ್ಸಿಕೊವರೆಗೆ ಹಡಗಿನಲ್ಲಿ ಹೋಗಿ ಅಳೆದು, ಚಿಪ್ಪನ್ನು ಕೊರೆಯುವಂಥ ನೀರು ದಡದ ಹತ್ತಿರದ ಆಳವಿಲ್ಲದ ಜಾಗಗಳಿಗೇ ಬಂದು ಕೂತಿರುವುದನ್ನು 2008ರಲ್ಲಿ ವರದಿ ಮಾಡಿದರು. ವಿಜ್ಞಾನಿಗಳು ಇದನ್ನು ಇಷ್ಟು ಬೇಗ ನಿರೀಕ್ಷಿಸಿರಲಿಲ್ಲ.

ಆ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಹಾಗೆ ಮೇಲೆದ್ದ ನೀರು ಕೊನೆಯ ಸಲ ಗಾಳಿಯನ್ನು ಮುಟ್ಟಿದ್ದು ಸುಮಾರು 50 ವರ್ಷದ ಹಿಂದೆ. ಅಂದರೆ 2007ರಲ್ಲಿ ಮರಿಗಳನ್ನು ಕೊಂದ ನೀರು 1950ರ ದಶಕದ ಗಾಳಿಯನ್ನು ಕುಡಿದು ಮುಳುಗಿದ್ದು. ಆಗ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 315 ಭಾಗ ಇತ್ತು. ಕೈಗಾರಿಕಾ ಯುಗಕ್ಕೆ ಮುಂಚೆ 280, ಈಗ 420 ದಾಟಿದೆ. ಹೊರಸೂಸುವುದನ್ನು ಇವತ್ತು ಪೂರ್ತಿ ನಿಲ್ಲಿಸಿದರೂ 340, 360, 380ರ ಗಾಳಿ ಕುಡಿದ ನೀರು ಸಾಲಾಗಿ ದಾರಿಯಲ್ಲಿದೆ, ಒಂದಾದ ಮೇಲೊಂದು ಆ ದಡಕ್ಕೆ ಬಂದೇ ಬರುತ್ತದೆ. ಹಳೇ ಸಾಲದ ಕಂತುಗಳು.

ಹ್ಯಾಚರಿ ಹೇಗೆ ಉಳಿಯಿತು ಅಂದರೆ, ಬಟ್ಟೆ ಒಗೆಯುವ ಸೋಡಾದಿಂದ. ನಿಜವಾಗಿ. ಸೋಡಿಯಂ ಕಾರ್ಬೊನೇಟನ್ನು ತೊಟ್ಟಿಗೆ ಹೋಗುವ ನೀರಿಗೆ ಅಳೆದು ಬೆರೆಸಿದರೆ ಕಾರ್ಬೊನೇಟ್ ನೇರವಾಗಿ ಹೆಚ್ಚುತ್ತದೆ, ಒಮೆಗಾ ಏರುತ್ತದೆ. ಜೊತೆಗೆ ತೊಟ್ಟಿ ತುಂಬುವ ಹೊತ್ತು ಬದಲಾಯಿಸಿದರು. ಬೆಳಗ್ಗೆ ರಾತ್ರಿಯ ಉಸಿರಾಟದ ಕಾರ್ಬನ್ ನೀರಲ್ಲಿ ತುಂಬಿರುತ್ತದೆ. ಕೊಲ್ಲಿಯ ಹುಲ್ಲು, ಪಾಚಿ ಎಲ್ಲ ಇಡೀ ದಿನ ಬಿಸಿಲಲ್ಲಿ ಕೆಲಸ ಮಾಡಿದ ಮೇಲೆ, ಅಂದರೆ ಸಂಜೆಯ ಹೊತ್ತಿಗೆ, ನೀರು ಬೇಕಾದಷ್ಟು ಸುಧಾರಿಸಿರುತ್ತದೆ. ಬರ್ಕ್ ಹೇಲ್ಸ್ ಮಾಡಿದ ಅಳೆಯುವ ಯಂತ್ರಕ್ಕೆ ಸಿಂಪಿ ಸಾಕುವವರು ಪ್ರೀತಿಯಿಂದ ಬರ್ಕೊಲೇಟರ್ ಅಂತ ಹೆಸರಿಟ್ಟರು, ಅದು ಕ್ಷಣಕ್ಷಣದ ಒಮೆಗಾ ಹೇಳುತ್ತದೆ. ಇಷ್ಟರಿಂದಲೇ ಉತ್ಪಾದನೆ ಬಹಳಷ್ಟು ಚೇತರಿಸಿಕೊಂಡಿತು. ಸಾವಿರಾರು ಉದ್ಯೋಗ ಹಿಡಿದಿಟ್ಟ ಒಂದು ಉದ್ಯಮವನ್ನು ಕಾಪಾಡಿದ್ದು ಸೋಡಾ ಪುಡಿ, ಗಡಿಯಾರ, ಒಂದು ಮೀಟರ್. ದೊಡ್ಡ ದೊಡ್ಡ ತಂತ್ರಜ್ಞಾನದ ಮಾತು ಕೇಳಿ ಸುಸ್ತಾದವರಿಗೆ ಇದು ಸ್ವಲ್ಪ ಖುಷಿ ಕೊಡಬೇಕು.

ಇನ್ನೊಂದು ದಾರಿ ಊರು ಬಿಡೋದು. ವಿಲ್ಲಾಪಾ ಕೊಲ್ಲಿಯ ಒಂದು ಕುಟುಂಬದ ಕಂಪನಿ ಸಾವಿರಾರು ಕಿಲೋಮೀಟರ್ ದೂರದ ಹವಾಯಿ ದ್ವೀಪದ ಹೀಲೋದಲ್ಲಿ ಹ್ಯಾಚರಿ ಕಟ್ಟಿ, ಅಲ್ಲಿಂದ ಮರಿ ತರಿಸಿಕೊಳ್ಳೋಕೆ ಶುರು ಮಾಡಿತು. ರಾಜಕಾರಣವೂ ಒಮ್ಮೆ ಎಚ್ಚೆತ್ತಿತು. ಅಮೆರಿಕದ ಸಂಸತ್ತು 2009ರಲ್ಲಿ ಆಮ್ಲೀಕರಣದ ಸಂಶೋಧನೆಗೆ ಕಾನೂನು ಮಾಡಿತು, ವಾಷಿಂಗ್ಟನ್ ರಾಜ್ಯದ ಗವರ್ನರ್ ಕ್ರಿಸ್ಟೀನ್ ಗ್ರೆಗೊಯಿರ್ ನೇಮಿಸಿದ ತಜ್ಞರ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ಸಿಂಪಿಯವರು ತಾವೇ ಹೋಗಿ ಕದ ತಟ್ಟಿದ್ದರಿಂದ ಇಷ್ಟಾಯಿತು. ಹವಾಮಾನದ ವಿಷಯದಲ್ಲಿ ಉದ್ಯಮವೇ ವಿಜ್ಞಾನಿಯ ಪಕ್ಕ ನಿಂತು ಮಾತಾಡೋದು ದಿನಾ ಕಾಣುವ ದೃಶ್ಯ ಅಲ್ಲವಲ್ಲ.

ಈ ಗೆಲುವಿನ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ನನ್ನ ತಕರಾರು ಶುರುವಾಗುವುದೂ ಇಲ್ಲೇ. ಸೋಡಾ ಕೆಲಸ ಮಾಡುವುದು ತೊಟ್ಟಿಯ ಗೋಡೆಯ ಒಳಗೆ ಮಾತ್ರ. ಜಗತ್ತಿನಲ್ಲಿ ಸಾಕುವ ಮೃದ್ವಂಗಿಗಳು, ಅಂದರೆ ಸಿಂಪಿ, ಪಚಿಲೆ, ಮರುವಾಯಿ, ಸ್ಕ್ಯಾಲಪ್ ಮುಂತಾದವು, ವರ್ಷಕ್ಕೆ 1.8 ಕೋಟಿ ಟನ್‌ನಷ್ಟು ಇವೆ. ಅದರಲ್ಲಿ ಸಿಂಹಪಾಲು ಚೀನಾದ್ದು. ಇವುಗಳಲ್ಲಿ ಬಹಳಷ್ಟಕ್ಕೆ ಮರಿ ಈಗಲೂ ಸಿಗುವುದು ಕಡಲಿನಿಂದ. ಜಪಾನಿನ ಸ್ಕ್ಯಾಲಪ್ ಸಾಕಣೆ ಕಡಲಲ್ಲಿ ಬಲೆಚೀಲ ತೂಗಿಬಿಟ್ಟು, ಅದಕ್ಕೆ ತಾನಾಗಿ ಬಂದು ಅಂಟುವ ಮರಿಗಳ ಮೇಲೆ ನಿಂತಿದೆ. ಸ್ಪೇನಿನ ಗಲೀಷಿಯಾದಲ್ಲಿ ಪಚಿಲೆ ಮರಿಯನ್ನು ಬಂಡೆಗಳಿಂದ ಕೆರೆದು ತರುತ್ತಾರೆ, ಇಲ್ಲವೇ ಹಗ್ಗ ಇಳಿಬಿಟ್ಟು ಹಿಡಿಯುತ್ತಾರೆ. ನ್ಯೂಜಿಲೆಂಡ್‌ನಲ್ಲಂತೂ ಹಸಿರು ಪಚಿಲೆಯ ಮರಿಗಳಲ್ಲಿ ದೊಡ್ಡ ಪಾಲು ನೈಂಟಿ ಮೈಲ್ ಬೀಚ್ ಅನ್ನೋ ಒಂದೇ ಕಡಲತೀರಕ್ಕೆ ಪಾಚಿಯ ಜೊತೆ ತೇಲಿ ಬಂದು ಬೀಳುತ್ತದೆ, ಅದನ್ನು ಬಾಚಿ ತುಂಬಿಕೊಂಡು ಹೋಗುತ್ತಾರೆ. ಆ ಮರಿಗಳು ತಮ್ಮ ಮೊದಲ ಎರಡು ದಿನವನ್ನು ಎಲ್ಲೋ ತೆರೆದ ಕಡಲಲ್ಲಿ ಕಳೆದಿರುತ್ತವೆ. ಅಲ್ಲಿ ಮೀಟರ್ ಇಲ್ಲ, ಸೋಡಾ ಇಲ್ಲ. ಯಾವ ವರ್ಷ ಮರಿ ಕಮ್ಮಿ ಬಂದರೆ ಅದು ಒಮೆಗಾದಿಂದಲೋ, ಗಾಳಿ ದಿಕ್ಕು ಬದಲಾಗಿದ್ದರಿಂದಲೋ, ಬಿಸಿಯಿಂದಲೋ ಅಂತ ಹೇಳೋಕೂ ಕಷ್ಟ.

ಆ ಕಷ್ಟ ಎಷ್ಟು ಅಂತ ಕೆನಡಾದಲ್ಲಿ ಕಂಡಿತು. ಬ್ರಿಟಿಷ್ ಕೊಲಂಬಿಯಾದಲ್ಲಿ ಒಂದು ಕಂಪನಿಯ ಸುಮಾರು ಒಂದು ಕೋಟಿ ಸ್ಕ್ಯಾಲಪ್ ಸತ್ತಿವೆ ಅಂತ 2014ರಲ್ಲಿ ಸುದ್ದಿಯಾಯಿತು. ಆಮ್ಲೀಕರಣದ್ದೇ ಕೆಲಸ ಅಂತ ಕಂಪನಿ ಹೇಳಿತು, ತಲೆಬರಹಗಳೂ ಹಾಗೇ ಬಂದವು. ಅಷ್ಟು ಸಲೀಸಾಗಿ ಹೇಳೋಕಾಗಲ್ಲ, ರೋಗವೂ ಇರಬಹುದು ಅಂತ ವಿಜ್ಞಾನಿಗಳು ತಡೆದರು. ವಿಸ್ಕಿ ಕ್ರೀಕ್‌ನಲ್ಲಿ ಆಮ್ಲವನ್ನು ಬ್ಯಾಕ್ಟೀರಿಯಾ ಅಂದುಕೊಂಡ ಹಾಗೆ, ಇನ್ನೊಂದು ಕಡೆ ರೋಗವನ್ನು ಆಮ್ಲ ಅಂದುಕೊಳ್ಳುವ ಅಪಾಯವೂ ಇದ್ದೇ ಇದೆ. ಸತ್ತ ಚಿಪ್ಪನ್ನೆಲ್ಲ ಕಾರ್ಬನ್ ಖಾತೆಗೆ ಬರೆಯುವವರು ಈ ವಿಷಯಕ್ಕೆ ಒಳ್ಳೆಯದು ಮಾಡುತ್ತಿಲ್ಲ.

ಬೆಳೆದ ಜೀವಿಗಳ ಮಾತು ಬೇಗ ಮುಗಿಸುತ್ತೇನೆ. ಈ ಶತಮಾನದ ಕೊನೆಗೆ ಬರಬಹುದಾದ ಮಟ್ಟದ ಕಾರ್ಬನ್ ಇರುವ ನೀರಲ್ಲಿ ಪಚಿಲೆ ಚಿಪ್ಪು ಕಟ್ಟುವ ವೇಗ 25 ಶೇಕಡಾ, ಪೆಸಿಫಿಕ್ ಸಿಂಪಿಯದು 10 ಶೇಕಡಾ ಇಳಿಯಬಹುದು ಅಂತ 2007ರ ಒಂದು ಪ್ರಯೋಗ ಹೇಳಿತ್ತು. ಪಚಿಲೆಗೆ ಇನ್ನೊಂದು ತೊಂದರೆ ಅದರ ನಾರಿನದು. ಹಗ್ಗಕ್ಕೆ, ಬಂಡೆಗೆ ಅಂಟಿಕೊಳ್ಳೋಕೆ ಅದು ನೇಯುವ ಎಳೆಗಳು ಕಾರ್ಬನ್ ತುಂಬಾ ಜಾಸ್ತಿ ಇರುವ ನೀರಲ್ಲಿ 40 ಶೇಕಡಾದಷ್ಟು ದುರ್ಬಲವಾದವು ಅಂತ 2013ರಲ್ಲಿ ಗೊತ್ತಾಯಿತು. ಹಗ್ಗದಲ್ಲಿ ಪಚಿಲೆ ಬೆಳೆಸುವವನಿಗೆ ಚಿಪ್ಪು ತೆಳುವಾದರೂ ಪರವಾಗಿಲ್ಲ, ಗೊಂಚಲೇ ಕಳಚಿ ತಳಕ್ಕೆ ಬಿದ್ದರೆ ಏನು ಮಾಡೋದು? ಇದಕ್ಕೆ ಉಲ್ಟಾ ಒಂದು ಉದಾಹರಣೆಯೂ ಇದೆ. ಜರ್ಮನಿಯ ಕೀಲ್ ಪಟ್ಟಣದ ಹತ್ತಿರದ ಕಡಲ ಕೈಯಲ್ಲಿ ಬೇಸಿಗೆ ಬಂದರೆ ಕಾರ್ಬನ್ ಮಟ್ಟ ವಿಪರೀತ ಏರುತ್ತದೆ, ಆದರೂ ಅಲ್ಲಿ ನೀಲಿ ಪಚಿಲೆಗಳು ದಂಡಿಯಾಗಿವೆ. ಕಾರಣ, ತಿನ್ನೋಕೆ ಅಲ್ಲಿ ಬೇಕಾದಷ್ಟಿದೆ. ಹೊಟ್ಟೆ ತುಂಬಿದ್ದರೆ ಜಾಸ್ತಿ ಖರ್ಚಿನ ಚಿಪ್ಪನ್ನೂ ಕಟ್ಟಬಹುದು. ನೋಡಿ, ಮತ್ತೆ ಅದೇ ಹಸಿವಿನ ಲೆಕ್ಕ.

ಗಾಳಿಯಲ್ಲಿರುವ ಕಾರ್ಬನ್ ಒಂದೇ ಖಳನಾಯಕ ಅಲ್ಲ. ಹೊಲದ ಗೊಬ್ಬರ, ಊರಿನ ಕೊಳಚೆ ಅಳಿವೆಗೆ ಹರಿದರೆ ಪಾಚಿ ಉಕ್ಕಿ ಬೆಳೆಯುತ್ತದೆ, ಅದು ಸತ್ತು ಕೊಳೆಯುವಾಗ ತಳದ ನೀರಿಗೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಭಾರಿ ಮಳೆಯ ಸಿಹಿನೀರು ಬಂದರೆ ಕ್ಯಾಲ್ಸಿಯಂ, ಕಾರ್ಬೊನೇಟ್ ಎರಡೂ ತೆಳುವಾಗುತ್ತವೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಕೆಲವು ಅಳಿವೆಗಳ ದಡದಲ್ಲಿ ಗಂಧಕ ಬೆರೆತ ಮಣ್ಣಿದೆ. ಕೃಷಿಗಾಗಿ ಕಾಲುವೆ ತೋಡಿ ಅದನ್ನು ಒಣಗಿಸಿದಾಗ ಗಾಳಿ ತಾಗಿ ಸಲ್ಫ್ಯೂರಿಕ್ ಆಮ್ಲ ಹುಟ್ಟುತ್ತದೆ, ಮಳೆ ಅದನ್ನು ಸಿಂಪಿಯ ತೋಟಕ್ಕೆ ತೊಳೆದು ತರುತ್ತದೆ. ಅಲ್ಲಿ ಮಾತ್ರ ಶಾಲೆಯ ಪ್ರಯೋಗದ ಹಾಗೆ ದೊಡ್ಡ ಸಿಂಪಿಯ ಚಿಪ್ಪೂ ನಿಜವಾಗಿ ಸವೆಯುತ್ತದೆ. ಇವೆಲ್ಲ ಸ್ಥಳೀಯ ಕಾರಣಗಳು, ಸ್ಥಳೀಯವಾಗಿಯೇ ಸರಿ ಮಾಡಬಹುದಾದವು. ಜಗತ್ತು ಒಪ್ಪಂದ ಮಾಡಿಕೊಳ್ಳುವವರೆಗೆ ಕಾಯದೆ ಕೊಳಚೆ ನೀರನ್ನು ಶುದ್ಧ ಮಾಡಿ ಬಿಟ್ಟರೂ ಕಿಂಡಿ ಒಂದಿಷ್ಟು ಅಗಲವಾಗುತ್ತದೆ.

ಪರಿಹಾರಗಳಲ್ಲಿ ನನಗೆ ನಂಬಿಕೆ ಇರುವುದು ತಳಿ ಆಯ್ಕೆಯ ಮೇಲೆ. ಸಿಡ್ನಿ ರಾಕ್ ಸಿಂಪಿಯನ್ನು 1990ರಿಂದ ಬೇಗ ಬೆಳೆಯೋಕೆ, ರೋಗ ತಡೆಯೋಕೆ ಅಂತ ಆರಿಸಿ ಬೆಳೆಸುತ್ತಾ ಬಂದಿದ್ದರು. ಆಮ್ಲದ ಯೋಚನೆಯೇ ಆಗ ಇರಲಿಲ್ಲ. ಲಾರಾ ಪಾರ್ಕರ್, ಪಾಲೀನ್ ರಾಸ್ ಮತ್ತು ಜೊತೆಗಾರರು ಪರೀಕ್ಷೆ ಮಾಡಿದಾಗ ಆ ತಳಿಗಳು ಕಾರ್ಬನ್ ಹೆಚ್ಚಿದ ನೀರನ್ನು ಕಾಡು ಸಿಂಪಿಗಿಂತ ಚೆನ್ನಾಗಿ ತಾಳಿಕೊಂಡವು. ತಾಯಿ ಸಿಂಪಿಯನ್ನು ಅಂಥ ನೀರಲ್ಲಿ ಸ್ವಲ್ಪ ದಿನ ಇಟ್ಟರೆ ಅದರ ಮರಿಗಳೂ ಗಟ್ಟಿಯಾಗುತ್ತವೆ ಅಂತಲೂ ಕಂಡರು. ಬುತ್ತಿ ಕಟ್ಟಿಕೊಡುವವಳಿಗೆ ಮುಂದಿನ ದಾರಿ ಗೊತ್ತಿದ್ದರೆ ಬುತ್ತಿ ದೊಡ್ಡದಾಗಿ ಕಟ್ಟುತ್ತಾಳೇನೋ. ಇದೊಂದು ಸರ್ವರೋಗಕ್ಕೆ ಮದ್ದು ಅಂತಲ್ಲ. ಬಿಸಿ, ಸಿಹಿನೀರು, ಆಹಾರದ ಕೊರತೆ ಎಲ್ಲ ಒಟ್ಟಿಗೆ ಬಂದಾಗ ಆ ಲಾಭ ಉಳಿಯುತ್ತದೆ ಅನ್ನೋ ಖಾತರಿ ಇಲ್ಲ.

ಅಮೆರಿಕದ ಮೇನ್ ರಾಜ್ಯದಲ್ಲಿ ಮರುವಾಯಿ ಬೆಳೆಯುವ ಕೆಸರಿನ ಮೇಲೆ ಪುಡಿ ಮಾಡಿದ ಹಳೇ ಚಿಪ್ಪು ಹರಡಿ ನೋಡಿದ್ದಾರೆ. ಕೆಸರಿನ ಆಮ್ಲ ಇಳಿದು ಮರಿಗಳು ಜಾಸ್ತಿ ಬಂದು ಕೂತವು. ಸಣ್ಣ ಜಾಗಕ್ಕೆ ಒಳ್ಳೆಯ ಉಪಾಯ. ಪಚಿಲೆಯ ಹಗ್ಗಗಳ ಪಕ್ಕದಲ್ಲೇ ಕೆಲ್ಪ್ ಪಾಚಿ ಬೆಳೆಸಿದರೆ ಅದು ಕಾರ್ಬನ್ ಹೀರಿ ಸುತ್ತಲಿನ ನೀರಿನ ಆಮ್ಲದ ಹೊರೆ ಹಗುರ ಮಾಡುತ್ತದೆ ಅನ್ನೋದನ್ನೂ ಅಲ್ಲೇ ಪರೀಕ್ಷಿಸಿದ್ದಾರೆ, ತೋಟದ ಒಳಗೆ ಪರಿಣಾಮ ಅಳೆಯುವಷ್ಟು ಸಿಕ್ಕಿದೆ. ಅಷ್ಟಕ್ಕೇ ಕೆಲ್ಪ್ ಕಡಲನ್ನು ಕಾಪಾಡುತ್ತದೆ ಅಂತ ಬರೆಯುವವರನ್ನು ನೋಡಿದರೆ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದ ಹಾಗೆ ಅನಿಸುತ್ತದೆ. ಕೊಯ್ಲು ಮಾಡಿ ಹೊರಗೆ ಒಯ್ಯದಿದ್ದರೆ ಅದೇ ಪಾಚಿ ಅಲ್ಲೇ ಕೊಳೆತು ಹೀರಿದ್ದನ್ನೆಲ್ಲ ವಾಪಸ್ ಕೊಡುತ್ತದೆ.

ಇದರ ಜೊತೆಗೇ ಓಡಾಡುವ ಇನ್ನೊಂದು ಮಾತಿದೆ. ಚಿಪ್ಪಿನಲ್ಲಿ ಕಾರ್ಬನ್ ಸೇರಿಕೊಂಡಿರುತ್ತದಲ್ಲ, ಹಾಗಾದರೆ ಸಿಂಪಿ ಸಾಕಿದಷ್ಟೂ ಗಾಳಿಯ ಕಾರ್ಬನ್ ಕಮ್ಮಿಯಾಗುತ್ತದೆ ಅನ್ನೋದು. ಕೇಳೋಕೆ ಸರಿ ಅನಿಸುತ್ತದೆ, ಆದರೆ ರಸಾಯನ ಶಾಸ್ತ್ರ ಒಪ್ಪಲ್ಲ. ಕ್ಯಾಲ್ಸಿಯಂ ಜೊತೆ ಬೈಕಾರ್ಬೊನೇಟ್ ಸೇರಿ ಚಿಪ್ಪಾಗುವಾಗ ನೀರಿಗೆ ಕಾರ್ಬನ್ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಉಸಿರಾಟದ್ದು ಬೇರೆ. ಸಿಂಪಿ ಸಾಕೋಕೆ ಬೇರೆ ಬೇಕಾದಷ್ಟು ಒಳ್ಳೆಯ ಕಾರಣಗಳಿವೆ, ಅದು ನೀರು ಸೋಸುತ್ತದೆ, ಮೇವು ಹಾಕಬೇಕಿಲ್ಲ. ಈ ಒಂದು ಕಾರಣವನ್ನು ಮಾತ್ರ ಬಿಟ್ಟುಬಿಡಿ.

ಮುಂದಿನ ಹತ್ತು ವರ್ಷದಲ್ಲಿ ಈ ಸಾಕಣೆಯಲ್ಲಿ ಏನಾಗುತ್ತದೆ ಅಂತ ಊಹಿಸಬೇಕೆಂದರೆ ನಾನು ನೋಡುವುದು ಮರಿ ಎಲ್ಲಿಂದ ಬರುತ್ತದೆ ಅನ್ನೋದನ್ನು. ದುಡ್ಡಿರುವ ಕಂಪನಿಗಳು ಹ್ಯಾಚರಿ ಕಟ್ಟಿಕೊಳ್ಳುತ್ತವೆ, ನ್ಯೂಜಿಲೆಂಡ್‌ನಲ್ಲಿ ಪಚಿಲೆಗೂ ಹ್ಯಾಚರಿ ಬಂದಾಗಿದೆ. ಆಗ ಕಡಲ ಮರಿಯನ್ನೇ ನಂಬಿರುವ ಸಣ್ಣ ಸಾಕಣೆದಾರ ಮರಿಯನ್ನು ಕೊಳ್ಳಬೇಕಾಗುತ್ತದೆ, ಮತ್ತು ಮಾರುವವರು ಕೆಲವೇ ಮಂದಿ ಇರುತ್ತಾರೆ. 2007ರಲ್ಲಿ ಆರೆಗನ್‌ನಲ್ಲಿ ಒಂದು ಹ್ಯಾಚರಿ ಕೆಟ್ಟಿದ್ದಕ್ಕೆ ಇಡೀ ಕರಾವಳಿ ಒದ್ದಾಡಿದ್ದು ಇಂಥದ್ದೇ ಏರ್ಪಾಡಿನಲ್ಲಿ. ಕಾಡು ಮರಿಗಳು ಬಂದು ಕೂರುವ ಜಾಗಗಳಲ್ಲಿ, ಅವು ಹುಟ್ಟುವ ವಾರಗಳಲ್ಲಿ, ನೀರಿನ ಒಮೆಗಾ ಎಷ್ಟಿತ್ತು ಅಂತ ವರ್ಷವರ್ಷ ಬರೆದಿಡುವ ಕೆಲಸ ಬಹಳ ಕಡೆ ಇನ್ನೂ ಶುರುವೇ ಆಗಿಲ್ಲ. ಒಂದು ಪಿಎಚ್ ಮೀಟರ್ ಇಟ್ಟರೆ ಸಾಕು ಅಂದುಕೊಂಡವರೂ ಇದ್ದಾರೆ. ಅದೊಂದರಿಂದ ಒಮೆಗಾ ಸಿಗಲ್ಲ. ಪಿಎಚ್ ಜೊತೆಗೆ ನೀರಿನ ಕ್ಷಾರತೆಯನ್ನೋ, ಕರಗಿರುವ ಒಟ್ಟು ಕಾರ್ಬನ್ನನ್ನೋ ಅಳೆಯಬೇಕು, ಉಪ್ಪು ಮತ್ತು ಬಿಸಿಯ ಲೆಕ್ಕವೂ ಬೇಕು. ಅಳೆಯೋಕೆ ಕೂರುವವರು ಇಲ್ಲಿಂದಲೇ ಶುರು ಮಾಡಬೇಕು.